ಹದಿನೇಳರಲ್ಲಿ ಮೂರು ಕೆಂಪು

ಟೂಸಾನ್, ಅರಿಜೋನಾ
ಮಾರ್ಚ್ 3, 2003

ಪ್ರಿಯ ಲಾಲಾ,

ಲಕೋಟೆಯ ಮೇಲಿನ ಹೆಸರು ನೋಡಿದ ಕೂಡಲೇ ನೀನು ಇದನ್ನು ಒಡೆಯದೆ ಎಸೆದಿರಲೂಬಹುದು. ಎಸೆಯದೆ ಓದುತ್ತಿದ್ದರೆ, ನಾನು ಮಾರಿಟ್ ಸ್ಯಾಂಡ್ವಿಕ್. ಇಪ್ಪತ್ತೆಂಟು ವರ್ಷಗಳ ಹಿಂದೆ ಎರಡು ಚಳಿಗಾಲ ನಿನ್ನ ಜೊತೆ ಬೆಟ್ಟದ ಮೇಲಿನ ಗುಮ್ಮಟದಲ್ಲಿ ಕೂತು ಕ್ಷುದ್ರಗ್ರಹಗಳ ಬಣ್ಣ ಅಳೆದವಳು. ನಿನ್ನ ವಿಳಾಸಕ್ಕಾಗಿ ಗ್ಲೋಬ್ ಊರಿನ ತಾಮ್ರದ ಗಣಿಯ ಪ್ರಯೋಗಾಲಯಕ್ಕೆ ಫೋನ್ ಮಾಡಿದ್ದೆ. ಫೋನ್ ಎತ್ತಿದವನು, "ಯುಲಾಲಿಯಾ ಬುಸ್ತಾಮಾಂತೆನಾ? ಅದಿರಲ್ಲಿ ಒಂದು ಚಿಟಿಕೆ ಹೆಚ್ಚುಕಮ್ಮಿ ಬಂದ್ರೂ ಎಲ್ಲಾ ಮೊದಲಿಂದ ಮಾಡಿಸ್ತಾರಲ್ಲ, ಅವ್ರು ತಾನೆ?" ಎಂದ. ನೀನೇ ಎಂದು ಖಾತ್ರಿಯಾಯಿತು.

ನೇರ ವಿಷಯಕ್ಕೆ ಬರುತ್ತೇನೆ. ನ್ಯೂ ಮೆಕ್ಸಿಕೋದ ಒಂದು ಬೆಟ್ಟದ ಮೇಲಿನ ದೂರದರ್ಶಕ ಕೆಲವು ವರ್ಷಗಳಿಂದ ಆಕಾಶವನ್ನು ಐದು ಬಣ್ಣದ ಗಾಜುಗಳ ಮೂಲಕ ಚಿತ್ರ ತೆಗೆಯುತ್ತಿದೆ. ಅವರಿಗೆ ಬೇಕಾದದ್ದು ದೂರದ ಗೆಲಾಕ್ಸಿಗಳು. ಆದರೆ ಚಿತ್ರಗಳಿಗೆ ಅಡ್ಡ ಹಾದುಹೋದ ಸಾವಿರಾರು ಕ್ಷುದ್ರಗ್ರಹಗಳ ಬಣ್ಣವೂ ಜೊತೆಗೇ ಸಿಕ್ಕಿಬಿಟ್ಟಿದೆ. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಕಳೆದ ವಾರ ನಾನು ಅದರಲ್ಲಿ ನಾವು ಅಂದು ಅಳೆದ ಹದಿನೇಳು ಕ್ಷುದ್ರಗ್ರಹಗಳನ್ನು ಹುಡುಕಿದೆ. ಹದಿನಾಲ್ಕು ಬೂದು. ಮೂರು ಕೆಂಪು. ಅದೇ ಮೂರು, ಲಾಲಾ. 1975ರ ಫೆಬ್ರವರಿಯಲ್ಲಿ ನೀನು ಅಳೆದು ಬರೆದ, ನಮ್ಮ ಮುಖ್ಯಸ್ಥರಾಗಿದ್ದ ಡಾ. ಸೇಯರ್ ತಪ್ಪೆಂದು ಹೊಡೆದುಹಾಕಿದ ಮೂರು.

ಬಂದ ಅತಿಥಿಗಳಿಗೆಲ್ಲ ಅವರು ಹೇಳುತ್ತಿದ್ದ ತಟ್ಟೆಯ ಕಥೆ ನಿನಗೆ ನೆನಪಿದೆಯೇ? "ನೀಲಿ ತಟ್ಟೆ ಒಡೆದ್ರೆ ಚೂರುಗಳೂ ನೀಲಿನೇ ಇರ್ಬೇಕು. ಎಷ್ಟೋ ಕೋಟಿ ವರ್ಷದ ಹಿಂದೆ ಒಂದು ದೊಡ್ಡ ಬಂಡೆ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಪುಡಿಯಾಯ್ತು. ಚೂರುಗಳೆಲ್ಲ ಇವತ್ತಿಗೂ ಹೆಚ್ಚುಕಮ್ಮಿ ಒಂದೇ ದಾರೀಲಿ ಸೂರ್ಯನ್ನ ಸುತ್ತುತಾ ಇವೆ. ಅದಕ್ಕೇ ಒಂದೇ ಕುಟುಂಬ, ಒಂದೇ ಬಣ್ಣ." ನೀನು ಮಾತ್ರ ಒಮ್ಮೆ, "ಅದೇ ಬೀದೀಲಿ ಇನ್ನೊಂದು ಮನೆಯವ್ರ ತಟ್ಟೆನೂ ಒಡೆದಿದ್ರೆ ಸರ್?" ಎಂದು ಕೇಳಿದ್ದೆ. ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ. ಈಗಿನ ಪಟ್ಟಿಯಲ್ಲಿ ನಿನ್ನ ಆ ಮೂರರ ಸುತ್ತ ನೂರಕ್ಕೂ ಹೆಚ್ಚು ಸಣ್ಣ ಕೆಂಪು ಚೂರುಗಳಿವೆ. ಇನ್ನೊಂದು ಮನೆಯ ತಟ್ಟೆ.

ಆ ದಿನಗಳು ಕಣ್ಣಿಗೆ ಕಟ್ಟಿದಂತಿವೆ. ಗುಮ್ಮಟದೊಳಗೆ ಒಲೆ ಹಚ್ಚುವಂತಿಲ್ಲ, ದೀಪವಿಲ್ಲ. ವಾಯುಪಡೆಯವರು ಬೇಡವೆಂದು ಮಾರಿದ, ಕರೆಂಟಿನಿಂದ ಬೆಚ್ಚಗಾಗುವ ಅಂಗಿಗಳು ಎರಡು, ಅದರಲ್ಲಿ ಒಂದರ ತಂತಿ ಸುಟ್ಟುಹೋಗಿತ್ತು. ಗಂಟೆಗೊಬ್ಬರಂತೆ ಒಂದೇ ಅಂಗಿಯನ್ನು ಬದಲಾಯಿಸಿ ತೊಡುತ್ತಿದ್ದೆವು. ಕಿಟಕಿಯಿಂದ ಕೈಹಾಕಿ ನಮ್ಮ ಬ್ರೆಡ್ಡು ಕದಿಯುತ್ತಿದ್ದ ಆ ಉದ್ದ ಮೂತಿಯ ಕಾಡುಪ್ರಾಣಿ, ಕೋವಾಟಿ. ಬಣ್ಣದ ಗಾಜು ಬದಲಿಸುತ್ತಾ ನೇರಳೆ, ನೀಲಿ, ಹಳದಿ ಎಂದು ನೀನು ಮೇಲಿನಿಂದ ಕೂಗುವುದು, ಯಂತ್ರ ಅಳತೆಯ ಗೆರೆ ಎಳೆಯುತ್ತಿದ್ದ ಕಾಗದದ ಸುರುಳಿಯ ಮೇಲೆ ನಾನು ಕೆಳಗೆ ಗುರುತು ಹಾಕುವುದು. ಕ್ರಿಸ್ಮಸ್ಸಿಗೆ ನಿಮ್ಮ ಮನೆಗೆ ಬಂದಾಗ ನಿನ್ನ ಅಮ್ಮ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿ ಕೊಟ್ಟ ತಮಾಲೆಯನ್ನು ನಾನು ಸಿಪ್ಪೆಯ ಸಮೇತ ಅಗಿದದ್ದು, ನಿನ್ನ ಅಪ್ಪ ನಗು ತಡೆಯಲಾರದೆ ಎದ್ದು ಹಿತ್ತಿಲಿಗೆ ಹೋದದ್ದು.

ಅಂಥ ಗೆಳೆತನ ನನಗೆ ಮತ್ತೆ ಯಾರೊಂದಿಗೂ ಕೂಡಿಬರಲಿಲ್ಲ. ನೀನು ಸರಿಯಾಗಿ ಅಳೆದಿದ್ದೆ ಎಂದು ನಿನಗೆ ಮೊದಲು ತಿಳಿಯಬೇಕೆನಿಸಿತು. ಬೇರೆ ಇನ್ನೇನೋ ಬರೆಯಬೇಕಿತ್ತು. ಕೈ ಬರುತ್ತಿಲ್ಲ.

ನಿನ್ನ,
ಮಾರಿಟ್


ಗ್ಲೋಬ್, ಅರಿಜೋನಾ
ಮಾರ್ಚ್ 20, 2003

ಪ್ರೊಫೆಸರ್ ಸ್ಯಾಂಡ್ವಿಕ್ ಅವರಿಗೆ,

ನಿಮ್ಮ ಪತ್ರ ತಲುಪಿತು.

ನಾನು ಸರಿಯಾಗಿ ಅಳೆದಿದ್ದೆ ಎಂದು ತಿಳಿಸಿದ್ದೀರಿ. ನನಗೆ ಅದು 1975ರಲ್ಲೇ ಗೊತ್ತಿತ್ತು. ಗೊತ್ತಿಲ್ಲದಿದ್ದವರು ನೀವು.

ಕೋವಾಟಿಯ ಬಗ್ಗೆ, ಅಂಗಿಯ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ನನ್ನನ್ನು ಕೆಲಸದಿಂದ ತೆಗೆಯಲು ಕಾರಣವಾದ ಆ ಬೆಳಿಗ್ಗೆ ಏನಾಯಿತೆಂಬುದು ಮಾತ್ರ ನಿಮ್ಮ ನೆನಪಿನಲ್ಲಿ ಇದ್ದಂತಿಲ್ಲ. ಇಪ್ಪತ್ತೇಳು ವರ್ಷದಿಂದ ನಾನು ಅದಿರು ಪುಡಿಮಾಡಿ ತಾಮ್ರ ಎಷ್ಟಿದೆಯೆಂದು ಹೇಳುತ್ತಿದ್ದೇನೆ. ಇಲ್ಲಿ ಅರ್ಧ ಬರೆದ ಲೆಕ್ಕವನ್ನು ಯಾರೂ ಒಪ್ಪುವುದಿಲ್ಲ. ಅರ್ಧ ಪತ್ರವನ್ನು ನಾನೂ ಒಪ್ಪುವುದಿಲ್ಲ.

ಇತಿ,
ಯು. ಬುಸ್ತಾಮಾಂತೆ


ಟೂಸಾನ್
ಏಪ್ರಿಲ್ 6, 2003

ಲಾಲಾ,

ಉಳಿದರ್ಧ ಬರೆಯುತ್ತಿದ್ದೇನೆ. ನನ್ನ ಗಂಡನಿಗೂ ಇದನ್ನು ಹೇಳಿರಲಿಲ್ಲ. ಅವನು ಈಗ ಇಲ್ಲ. ಹೇಳದೆಯೇ ಕಳಿಸಿಕೊಟ್ಟೆ.

ಆ ರಾತ್ರಿ ಬೆಳಕು ಅಳೆಯುವ ನಳಿಗೆಗೆ ಗಂಟೆಗೊಮ್ಮೆ ಒಣ ಮಂಜುಗಡ್ಡೆ ತುಂಬುವ ಸರದಿ ನನ್ನದು. ನಳಿಗೆ ಬೆಚ್ಚಗಾದರೆ ಬಣ್ಣದ ಲೆಕ್ಕ ಕೆಡುತ್ತದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ನಾನು ಡಾಕ್ಟರೇಟ್ ಸೀಟಿನ ಪರೀಕ್ಷೆಗೆ ಓದುತ್ತಾ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಇದ್ದ ಸೀಟು ಒಂದೇ. ಅದಕ್ಕೆ ಓದುತ್ತಿದ್ದವರು ನಾವಿಬ್ಬರೂ. ರಾತ್ರಿ ಒಂದು ಗಂಟೆಗೆ ಮಂಜುಗಡ್ಡೆ ಹಾಕಿ ಕೆಳಗಿನ ಕೋಣೆಗೆ ಬಂದು ಕೂತೆ. ಕೂತಲ್ಲೇ ನಿದ್ದೆ ಹತ್ತಿತು. ಎಚ್ಚರವಾದಾಗ ಬೆಳಕು ಹರಿಯುತ್ತಿತ್ತು. ನೀನು ಮೇಲೆ ಗುಮ್ಮಟದ ಬಾಗಿಲು ಮುಚ್ಚುತ್ತಿದ್ದ ಸದ್ದು ಕೇಳಿಸಿತು. ದಾಖಲೆ ಪುಸ್ತಕದಲ್ಲಿ ಎರಡು, ಮೂರು, ನಾಲ್ಕು ಗಂಟೆಯ ಮಂಜುಗಡ್ಡೆಯ ಮನೆಗಳು ಖಾಲಿ ಇದ್ದವು. ಪೆನ್ಸಿಲ್ ತೆಗೆದುಕೊಂಡು ಮೂರರಲ್ಲೂ ಗುರುತು ಹಾಕಿಬಿಟ್ಟೆ. ಅದರ ಕೆಳಗೆ ರಾತ್ರಿಯ ಮುಖ್ಯ ವೀಕ್ಷಕಿ ಎಂದು ನೀನು ಸಹಿ ಹಾಕಿದೆ.

ಆಮೇಲೆ ಡಾ. ಸೇಯರ್ ಬಂದರು. ಮೂರು ಕೆಂಪು ನೋಡಿದರು. ಮಂಜುಗಡ್ಡೆಯ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಒಂದು ಗಂಟೆಗೆ ಎಷ್ಟಿತ್ತೋ ಅಷ್ಟೇ ಇತ್ತು.

"ಮಂಜುಗಡ್ಡೆ ಹಾಕಿದ್ದೀಯಾ?"

"ಹಾಕಿದೀನಿ ಸರ್," ಅಂದೆ ನೀನು.

"ಪೆಟ್ಟಿಗೆ ತುಂಬಿದ ಹಾಗೇ ಇದೆಯಲ್ಲಮ್ಮ? ಪುಸ್ತಕದಲ್ಲಿ ಗುರುತು ಹಾಕಿಬಿಟ್ರೆ ನಳಿಗೆ ತಣ್ಣಗಾಗತ್ತಾ?"

ನೀನು ನನ್ನ ಮುಖ ನೋಡಿದೆ. ನಾನು ನೆಲ ನೋಡುತ್ತಿದ್ದೆ. ಅವರು ನನ್ನನ್ನು, "ನೀನೆಲ್ಲಿದ್ದೆ?" ಎಂದು ಕೇಳಿದರು. "ಕೆಳಗಡೆ ಕೋಣೇಲಿ ಸರ್," ಅಂದೆ. ಸುಳ್ಳಲ್ಲ. ಆದರೆ ಅದಕ್ಕಿಂತ ಕೆಟ್ಟ ಮಾತನ್ನು ನಾನು ಈ ಜನ್ಮದಲ್ಲಿ ಆಡಿಲ್ಲ.

ವಾರದೊಳಗೆ ನಿನ್ನನ್ನು ತೆಗೆದರು. ಸೀಟು ನನಗೆ ಬಂತು. ನನ್ನ ನಿದ್ದೆಯಿಂದ ಲೆಕ್ಕ ಕೆಟ್ಟಿತು, ಶಿಕ್ಷೆ ನಿನಗಾಯಿತು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಈಗ ನೋಡಿದರೆ ಲೆಕ್ಕ ಕೆಟ್ಟೇ ಇರಲಿಲ್ಲ. ನಳಿಗೆ ಬೆಚ್ಚಗಾಗಿದ್ದರೂ ಹೇಗೆ ಸರಿಬಂತೋ ನನಗೆ ತಿಳಿಯದು. ಬಾಯಿ ಬಿಟ್ಟಿದ್ದರೆ ಮತ್ತೆರಡು ರಾತ್ರಿ ಅಳೆದು ಅಲ್ಲಿಗೇ ಮುಗಿಸಬಹುದಿತ್ತು. ಅಷ್ಟೂ ನನ್ನಿಂದ ಆಗಲಿಲ್ಲ.

ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಪೂರ್ತಿ ಬರೆದಿದ್ದೇನೆ. ಅಷ್ಟೇ.

ಮಾರಿಟ್


ಗ್ಲೋಬ್
ಜೂನ್ 22, 2003

ಮಾರಿಟ್,

ನಿನ್ನ ಪತ್ರ ಎರಡೂವರೆ ತಿಂಗಳು ನನ್ನ ಕೆಲಸದ ಮೇಜಿನ ಖಾನೆಯಲ್ಲಿತ್ತು. ಉತ್ತರ ಬರೆಯಲು ಐದು ಸಲ ಕೂತೆ. ನಾಲ್ಕು ಸಲ ಬೈಗುಳಕ್ಕಿಂತ ಮುಂದೆ ಹೋಗಲಿಲ್ಲ. ಸ್ಪ್ಯಾನಿಷ್ ಬೈಗುಳ, ನಿನಗೆ ಅರ್ಥವಾಗುತ್ತಿರಲಿಲ್ಲ, ಅದಕ್ಕೇ ಹರಿದು ಹಾಕಿದೆ.

ನಿನಗೆ ತಿಳಿಯದು ಅಂದೆಯಲ್ಲ, ತಿಳಿದುಕೋ. ನಳಿಗೆ ಬೆಚ್ಚಗಾಗಿರಲೇ ಇಲ್ಲ.

ಎರಡು ಗಂಟೆಯಾದರೂ ನೀನು ಮೇಲೆ ಬರಲಿಲ್ಲ. ಇಳಿದು ಬಂದು ನೋಡಿದರೆ, ಮಂಜುಗಡ್ಡೆಯ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಕಂಬಳಿ ಹಾಸಿಕೊಂಡು, ಪುಸ್ತಕ ಎದೆಗೆ ಅವಚಿಕೊಂಡು ಮುದುಡಿ ಮಲಗಿದ್ದೆ. ಬಾಯಿ ತೆರೆದಿತ್ತು. ಕೋವಾಟಿ ಬಂದು ನಿನ್ನ ಹಲ್ಲು ಎಣಿಸಿಕೊಂಡು ಹೋಗಿದ್ದರೂ ನಿನಗೆ ಎಚ್ಚರವಾಗುತ್ತಿರಲಿಲ್ಲ. ಎಬ್ಬಿಸಲು ಕೈ ಚಾಚಿದೆ. ಮೂರು ದಿನದ ನಿದ್ದೆಗೇಡು ನಿನ್ನ ಮುಖದ ಮೇಲಿತ್ತು. ಮನಸ್ಸು ಬರಲಿಲ್ಲ. ಬಕೆಟ್ ತೆಗೆದುಕೊಂಡು ಪಕ್ಕದ ಗುಮ್ಮಟಕ್ಕೆ ಹೋದೆ. ಅವರು ಆ ವಾರ ಊರಿಗೆ ಇಳಿದಿದ್ದರು, ಅವರ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇತ್ತು. ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೆ ಮೂರು ಸಲ ಆ ಗಾಳಿಯಲ್ಲಿ ಹೋಗಿ ಬಂದೆ. ಮೂರನೆಯ ಸಲ ಕರೆಂಟಿನ ಅಂಗಿಯನ್ನು ನಿನ್ನ ಮೇಲೆ ಹೊದಿಸಿದೆ. ಬೆಳಿಗ್ಗೆ ಅದು ನಿನ್ನ ಮೈಮೇಲೆ ಹೇಗೆ ಬಂತೆಂದು ನೀನು ಯೋಚಿಸಿಯೇ ಇರಲಿಲ್ಲ ಎಂದು ಕಾಣುತ್ತದೆ.

ನೀನು ಸುಳ್ಳೆಂದುಕೊಂಡು ಹಾಕಿದ ಮೂರು ಗುರುತುಗಳೂ ನಿಜ. ನೀನು ಹಾಕದಿದ್ದರೆ ನಾನೇ ಹಾಕುತ್ತಿದ್ದೆ.

ಹಾಗಾದರೆ ಸೇಯರ್ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಏನೆಂದು ಹೇಳಲಿ? "ಪಕ್ಕದ ಗುಮ್ಮಟದಿಂದ ತಂದೆ ಸರ್." "ಇಲ್ಲಿದ್ದ ಪೆಟ್ಟಿಗೆ ಬಿಟ್ಟು ಅಲ್ಲಿಂದ ಯಾಕೆ ತಂದೆ?" "ಇದರ ಮೇಲೆ ಮಾರಿಟ್ ಮಲಗಿದ್ದಳು ಸರ್." ಇದನ್ನು ನಾನು ಹೇಳುವುದಕ್ಕಿಂತ ನೀನು ಹೇಳಬೇಕಿತ್ತು. ನಿನ್ನ ಮುಖ ನೋಡಿದೆ. ಆ ಹೊತ್ತಿನಲ್ಲಿ ಹೇಳದಿದ್ದರೂ ಸಂಜೆ ನನ್ನ ಕೋಣೆಯ ಬಾಗಿಲು ತಟ್ಟುತ್ತೀ ಅಂದುಕೊಂಡೆ. ಆರು ದಿನ ಕಾದೆ. ಏಳನೆಯ ದಿನ ಸಾಮಾನು ಕಟ್ಟಿದೆ. ಕೆಲಸ ಹೋದದ್ದಕ್ಕಿಂತ ಹೆಚ್ಚಾಗಿ ಆ ಆರು ದಿನ ನನ್ನನ್ನು ತಿಂದವು.

ಮತ್ತೆ ಅಳೆಯಲು ಎರಡು ರಾತ್ರಿ ಕೊಡಿ ಎಂದು ನಾನು ಅವರನ್ನು ಕೇಳಿದ್ದೆ. ಕೊಡಲಿಲ್ಲ. ಗಣಿ ಕೂಲಿಯವನ ಮಗಳು, ಮೆಕ್ಸಿಕೋ ಕಡೆಯ ಹೆಸರು, ಬುಸ್ತಾಮಾಂತೆ. ನಿದ್ದೆ ಮಾಡಿರುತ್ತಾಳೆ ಎಂದು ನಂಬುವುದು ಅವರಿಗೆ ಕಷ್ಟವಾಗಲಿಲ್ಲ.

ಇನ್ನೊಂದು ವಿಷಯ. ಕೆಲಸದಿಂದ ತೆಗೆದ ಪತ್ರ ಇಲ್ಲಿಗೆ, ಅಪ್ಪ ಅಮ್ಮನ ಮನೆಯ ವಿಳಾಸಕ್ಕೆ ಬಂದಿತ್ತು. "ಕೆಲಸದ ವೇಳೆ ನಿದ್ದೆ" ಎಂದು ಬರೆದಿತ್ತು. ಬೀದಿಯ ಯಾರೋ ಅಮ್ಮನಿಗೆ ಓದಿ ಹೇಳಿದರು. ನಾನು ಬಸ್ಸಿಳಿದು ಬರುವ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಗಿತ್ತು. "ನಾನು ಮಲಗಲಿಲ್ಲಮ್ಮ," ಎಂದೆ. "ಮತ್ತೆ ಯಾರು ಮಲಗಿದ್ದು?" ಎಂದಳು. ನಿನ್ನ ಹೆಸರು ಹೇಳಲಿಲ್ಲ. ಅಮ್ಮ ನಿನ್ನನ್ನು ಮೆಚ್ಚಿಕೊಂಡಿದ್ದಳು. ಸಿಪ್ಪೆ ತಿಂದ ಹುಡುಗಿ ಹೇಗಿದ್ದಾಳೆ ಎಂದು ಆಮೇಲೂ ಕೇಳುತ್ತಿದ್ದಳು.

ಅಪ್ಪ 1981ರಲ್ಲಿ ಹೋದ. ಈ ವಿಷಯ ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಲಾಲಾ


ಟೂಸಾನ್
ಜುಲೈ 9, 2003

ಲಾಲಾ,

ಅಂಗಿ. ಎಚ್ಚರವಾದಾಗ ಅದು ನನ್ನ ಮೈಮೇಲಿತ್ತು, ಹೌದು. ನಾನೇ ಹೊದ್ದುಕೊಂಡೆ ಅಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಿಂದ ಕಿವಿ ಸುಡುತ್ತಿದೆ.

ನಿನ್ನ ಪತ್ರ ಬಂದ ಮೇಲೆ ಡಾ. ಸೇಯರ್ ಅವರನ್ನು ನೋಡಲು ಹೋಗಿದ್ದೆ. ಊರಿನ ದಕ್ಷಿಣಕ್ಕೆ ವೃದ್ಧರ ವಸತಿಯೊಂದರಲ್ಲಿದ್ದಾರೆ. ಎಂಬತ್ತಾರು ವರ್ಷ. ಕಾಲು ಬಿದ್ದುಹೋಗಿದೆ, ಬುದ್ಧಿ ಹಾಗೇ ಇದೆ. ಬೆಳಗಿನ ತಿಂಡಿಯ ಹೊತ್ತಿಗೆ ಹೋದೆ. ಮೊಟ್ಟೆ ಬೆಂದಿಲ್ಲವೆಂದು ಹುಡುಗಿಯೊಬ್ಬಳ ಜೊತೆ ಜಗಳ ಆಡುತ್ತಿದ್ದರು.

"ಏನಮ್ಮ, ಇನ್ನೂ ರಿಟೈರ್ ಆಗಿಲ್ವಾ? ಕುರ್ಚಿ ಬಿಡು, ಬೇರೆಯವರು ಕಾಯ್ತಿರ್ತಾರೆ," ಎಂದರು.

ನಾನು ಪಟ್ಟಿಯನ್ನು ಅವರ ಮುಂದಿಟ್ಟೆ. ಕನ್ನಡಕ ಏರಿಸಿ ಮೂರು ಸಾಲುಗಳ ಮೇಲೆ ಬೆರಳಾಡಿಸಿದರು. ಆಶ್ಚರ್ಯಪಡುತ್ತಾರೆ ಎಂದುಕೊಂಡಿದ್ದೆ. ಪಡಲಿಲ್ಲ.

"ಗೆರೆ ನಡುಗಿರ್ಲಿಲ್ಲ," ಎಂದರು.

"ಏನು ಸರ್?"

"ನಳಿಗೆ ಬೆಚ್ಚಗಾಗಿದ್ರೆ ಸುರುಳಿ ಮೇಲೆ ಮಸಿಗೆರೆ ನಡುಗ್ಬೇಕು. ಆ ಹುಡುಗಿ ಹೋದ್ಮೇಲೆ, ಬೇಸಿಗೇಲಿ, ಒಂದಿನ ಸುರುಳಿ ಬಿಚ್ಚಿ ನೋಡ್ದೆ. ನೂಲು ಹಿಡಿದ ಹಾಗೆ ನೆಟ್ಟಗಿತ್ತು."

"ನೋಡಿ ಏನು ಮಾಡಿದ್ರಿ?"

"ಏನೂ ಮಾಡ್ಲಿಲ್ಲ. ಹದಿನಾಲ್ಕು ಕಲ್ಲು, ಒಂದು ಬಣ್ಣ, ಒಂದು ಕುಟುಂಬ ಅಂತ ಲೇಖನ ಅಚ್ಚಾಗಿಹೋಗಿತ್ತು. ಎಲ್ಲರೂ ಹೊಗಳ್ತಾ ಇದ್ರು. ಮುಂದಿನ ವರ್ಷ ಸರಿಪಡಿಸೋಣ ಅಂದ್ಕೊಂಡೆ. ಮುಂದಿನ ವರ್ಷ ಅದರ ಮುಂದಿನ ವರ್ಷ ಅಂದ್ಕೊಂಡೆ. ಒಂದ್ಸಲ ಸುಮ್ಮನಿದ್ಮೇಲೆ ಬಾಯಿ ಬಿಡೋದು ಬಹಳ ಕಷ್ಟ." ನನ್ನ ಮುಖ ನೋಡಿದರು. "ನಿನಗೆ ಹೇಳಿಕೊಡ್ಬೇಕಾ?"

"ಮಲಗಿದ್ದು ನಾನು ಅಂತ ಗೊತ್ತಿತ್ತಾ ನಿಮಗೆ?"

"ನಿನ್ನ ಕೆನ್ನೆ ಮೇಲೆ ಆ ಬೆಳಿಗ್ಗೆ ಕಂಬಳಿ ಅಚ್ಚು ಇತ್ತು. ಆಗ ಕಂಡಿತ್ತು, ಅರ್ಥ ಆಗಿದ್ದು ಆಮೇಲೆ."

ನಾನು ಎಲ್ಲ ಹೇಳಿದೆ. ನಿನ್ನ ಬಕೆಟ್, ಮೂರು ಸಲ ನಡೆದದ್ದು. ಅವರು ಬಹಳ ಹೊತ್ತು ಮೊಟ್ಟೆಯನ್ನು ಚಮಚದಿಂದ ಅತ್ತಿತ್ತ ತಳ್ಳುತ್ತಿದ್ದರು. ಕೊನೆಗೆ, "ಸೀಟು ಮಲಗಿದ್ದವಳಿಗೆ ಕೊಟ್ಟೆ, ಎದ್ದಿದ್ದವಳನ್ನ ಓಡಿಸ್ದೆ," ಎಂದರು. ನನ್ನನ್ನು ಚುಚ್ಚಲು ಹೇಳಿದರೋ ತಮ್ಮನ್ನೋ ತಿಳಿಯಲಿಲ್ಲ. ಹೊರಡುವಾಗ ಬಟ್ಟೆಯ ಬೀರುವಿನ ಮೇಲಿನಿಂದ ಒಂದು ತಗಡಿನ ಡಬ್ಬಿ ತೆಗೆಸಿ ಕೊಟ್ಟರು. ಆ ರಾತ್ರಿಯ ಸುರುಳಿ ಅದರಲ್ಲಿತ್ತು. ಮೂರು ಸಲ ಮನೆ ಬದಲಾಯಿಸಿದರೂ ಎಸೆದಿಲ್ಲ.

ಲೇಖನ ಬರೆಯುತ್ತಿದ್ದೇನೆ. ಒಂದೇ ದಾರಿಯಲ್ಲಿ ಬೆರೆತುಹೋದ ಎರಡು ಕುಟುಂಬಗಳು, ಬಣ್ಣದಿಂದ ಬೇರೆಯಾದದ್ದು. 1975ರ ಅಳತೆಗಳನ್ನೂ ಸೇರಿಸುತ್ತಿದ್ದೇನೆ. ಮೊದಲ ಹೆಸರು ನಿನ್ನದು. ಅಂದು ಆ ಮೂರನ್ನು ತೆಗೆದದ್ದು ತಪ್ಪು, ನಳಿಗೆ ತಣ್ಣಗೇ ಇತ್ತು, ಅದನ್ನು ತಣ್ಣಗಿಟ್ಟವಳು ಬುಸ್ತಾಮಾಂತೆ ಎಂದು ಒಂದು ಪರಿಚ್ಛೇದ ಇದೆ. ಡಾ. ಸೇಯರ್ ತಮ್ಮ ಕೈಬರಹದಲ್ಲಿ ಎರಡು ಸಾಲು ಕೊಟ್ಟಿದ್ದಾರೆ, ಅದೂ ಸೇರುತ್ತದೆ. ಜೊತೆಗೆ ಕರಡು, ಸುರುಳಿಯ ನಕಲು ಇಟ್ಟಿದ್ದೇನೆ. ನಿನ್ನ ಹೆಸರು ಬೇಡವೆಂದರೆ ತೆಗೆಯುತ್ತೇನೆ.

ಮಾರಿಟ್


ಗ್ಲೋಬ್
ಆಗಸ್ಟ್ 17, 2003

ಮಾರಿಟ್,

ಕರಡು ಓದಿದೆ. ಎರಡನೆಯ ಪಟ್ಟಿಯ ಒಂಬತ್ತನೆಯ ಸಾಲಿನಲ್ಲಿ ಏಳು ಇರಬೇಕಾದ ಕಡೆ ಒಂದು ಬಿದ್ದಿದೆ. ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ನೀನು ಈಗಲೂ ಏಳನ್ನು ಒಂದರಂತೆ ಬರೆಯುತ್ತೀಯ.

ನನ್ನ ಹೆಸರು ಮೊದಲು ಹಾಕಿದ್ದೀಯ. ಬೇಡ, ಪರವಾಗಿಲ್ಲ ಎಂದೆಲ್ಲ ನಾನು ಹೇಳುವುದಿಲ್ಲ. ಅದು ನನ್ನದು. ನನಗೆ ಬೇಕು.

ಸುರುಳಿಯ ನಕಲನ್ನು ಅಡುಗೆಮನೆಯ ಮೇಜಿನ ಉದ್ದಕ್ಕೂ ಹಾಸಿ ನೋಡಿದೆ. ಗೆರೆಯ ಪಕ್ಕದಲ್ಲಿ ನಿನ್ನ ಬರಹ ಒಂದು ಗಂಟೆಗೆ ನಿಂತುಹೋಗುತ್ತದೆ, ಅಲ್ಲಿಂದ ನನ್ನದು. ಓಡಿ ಇಳಿದು ಬಂದು ಬರೆದು ಮತ್ತೆ ಓಡಿ ಹತ್ತುತ್ತಿದ್ದೆ. ಇಪ್ಪತ್ತೈದು ವರ್ಷದ ಕಾಲುಗಳು. ಸೇಯರ್ ಬಗ್ಗೆ ನನಗೆ ಸಿಟ್ಟು ಬರಬೇಕಿತ್ತು. ಬಂತು. ಎರಡು ದಿನ ಇತ್ತು. ಮೂರನೆಯ ದಿನ ನೋಡಿದರೆ ನನಗೆ ಬೇಸರವಾಗುತ್ತಿದ್ದದ್ದು ಬೇರೆ ವಿಷಯಕ್ಕೆ: ಆ ಬೆಟ್ಟ, ಆ ಚಳಿ, ಆ ಕೆಲಸ ನನಗೆ ಎಷ್ಟು ಇಷ್ಟವಿತ್ತು ಎಂಬುದನ್ನು ನಾನು ಬೇಕೆಂದೇ ಮರೆತುಬಿಟ್ಟಿದ್ದೆ. ಇಷ್ಟವಿದ್ದದ್ದನ್ನು ಇಲ್ಲ ಎಂದುಕೊಳ್ಳುವುದಕ್ಕೆ ಬಹಳ ಶಕ್ತಿ ಹೋಗುತ್ತದೆ.

ನಿನ್ನ ಲೇಖನ ಓದುವವರು ಇಡೀ ಜಗತ್ತಿನಲ್ಲಿ ನೂರು ಜನ ಇರಬಹುದು. ಅವರು ಓದಲಿ. ನನಗೆ ತಿಳಿಸಬೇಕಾದದ್ದು ಒಬ್ಬಳಿಗೆ. ಅಮ್ಮನಿಗೆ ಎಂಬತ್ತೊಂದು. ನಾನು ಹೇಳಿದರೆ, ಇಷ್ಟು ವರ್ಷವಾದ ಮೇಲೆ ಕಥೆ ಕಟ್ಟುತ್ತಿದ್ದಾಳೆ ಅನ್ನುತ್ತಾಳೆ. ನೀನು ಬಂದು ಹೇಳು. ನನಗೆ ನಿನ್ನಿಂದ ಬೇಕಾದದ್ದು ಇದೊಂದೇ.

ಸೆಪ್ಟೆಂಬರ್ 27 ಶನಿವಾರ. ಬೆಳಿಗ್ಗೆ ಬಾ. ನಾನು ಒಳಗೆ ಕೂರುವುದಿಲ್ಲ. ಹೊರಗೆ ಗಾಡಿ ತೊಳೆಯುತ್ತಿರುತ್ತೇನೆ.

ಲಾಲಾ


ಟೂಸಾನ್
ಸೆಪ್ಟೆಂಬರ್ 30, 2003

ಲಾಲಾ,

ನೀನು ಒಂದೂವರೆ ಗಂಟೆ ಗಾಡಿ ತೊಳೆದೆ. ಅಷ್ಟು ಹೊತ್ತಿಗೆ ಅದರ ಬಣ್ಣವೇ ಹೋಗಿರಬೇಕು. ಒಳಗೆ ಏನಾಯಿತೆಂದು ನೀನು ಕೇಳಲಿಲ್ಲ, ಹೇಳಲು ನನ್ನಿಂದಲೂ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಮ್ಮ ಹಿಟ್ಟು ನಾದುತ್ತಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನೀನಾ? ಮುದುಕಿ ಆಗಿಬಿಟ್ಟಿದೀಯಲ್ಲೇ!" ಎಂದರು. "ಕೂತ್ಕೋ. ಈಗಲಾದ್ರೂ ಸಿಪ್ಪೆ ಬಿಡಿಸಿ ತಿಂತೀಯಾ?"

ನಗು ಬರಲಿಲ್ಲ. ನಿಂತುಕೊಂಡೇ ಹೇಳಿದೆ. "ಅಮ್ಮಾ, ಅವತ್ತು ಬೆಟ್ಟದ ಮೇಲೆ ಮಲಗಿದ್ದು ಲಾಲಾ ಅಲ್ಲ. ನಾನು. ಅವಳು ನನ್ನ ಕೆಲಸನೂ ಮಾಡಿದ್ಳು. ನನ್ನನ್ನ ಹಿಡಿದುಕೊಡಬಾರದು ಅಂತ ಬಾಯಿ ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ."

ಅವರ ಕೈ ನಿಂತಿತು. ಕಿಟಕಿಯಿಂದ ನೀನು ಕಾಣುತ್ತಿದ್ದೆ. ನಿನ್ನನ್ನೇ ನೋಡುತ್ತಾ ಕೇಳಿದರು:

"ಎಷ್ಟು ದಿನ ನಿದ್ದೆಗೆಟ್ಟಿದ್ದೆ ನೀನು?"

"ಮೂರು ದಿನ."

"ನಿದ್ದೆ ಬಂದಿದ್ದು ತಪ್ಪಲ್ಲ. ಕುಲುಮೆ ಮುಂದೆ ನಿಂತಲ್ಲೇ ಮಲಗೋರನ್ನ ನೋಡಿದೀನಿ. ಎದ್ದ ಮೇಲೆ?"

"ಸುಮ್ಮನಿದ್ದೆ."

"ಹೂಂ."

ಆಮೇಲೆ ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ನೀನು ಸುಮ್ಮನಿದ್ದು ತಪ್ಪು ಮಾಡ್ದೆ. ನಾನು ಸುಮ್ಮನಿರದೆ ತಪ್ಪು ಮಾಡ್ದೆ. ಊಟಕ್ಕೆ ಕೂತಾಗೆಲ್ಲ ಚುಚ್ಚಿದೀನಿ ಅವಳನ್ನ. ನಿಮ್ಮಪ್ಪ ಎರಡು ಪಾಳಿ ದುಡಿದು ಕಳಿಸಿದ್ದು ನೀನು ಅಲ್ಲಿ ಮಲಗ್ಲಿ ಅಂತಾನಾ ಅಂತ. ಒಂದ್ಸಲ, ಒಂದೇ ಒಂದ್ಸಲ ತಿರುಗಿ ಹೇಳ್ಬೇಕಿತ್ತು ಈ ಹುಡುಗಿ. ಆಡದೆ ಆಡದೆ ಕಲ್ಲಾಗಿಬಿಟ್ಳು."

ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಒರೆಸಿಕೊಂಡು ಬೈದರು. ಏನೆಂದು ಬೈದರೋ ಪೂರ್ತಿ ಅರ್ಥವಾಗಲಿಲ್ಲ, ನೀನು ಹರಿದುಹಾಕಿದ ಪತ್ರಗಳಲ್ಲಿದ್ದ ಮಾತುಗಳೇ ಇರಬೇಕು. ಬೈದು ಮುಗಿಸಿ ನನ್ನನ್ನು ಕೂರಿಸಿ, ತಟ್ಟೆ ಹಾಕಿ, ಬೇಯಿಸಿದ ಕಾಳು, ಬಿಸಿ ತೊರ್ತಿಯಾ ರೊಟ್ಟಿ ಬಡಿಸಿದರು. ನಾನು ತಿನ್ನುವಾಗ ಎದುರಿಗೆ ನಿಂತು ಹೇಳಿದರು: "ನನಗೆ ಹೇಳ್ದೆ, ಸರಿ. ನನ್ನ ಗಂಡನಿಗೆ ಯಾರು ಹೇಳ್ತಾರೆ? ಅವನು ಹಾಗೇ ನಂಬ್ಕೊಂಡು ಹೋದ. ನವೆಂಬರ್ ಎರಡಕ್ಕೆ ಬಾ. ಸತ್ತೋರ ದಿನ, ಎಲ್ಲಾ ಗೋರಿ ಮುಂದೆ ಕೂತು ಊಟ ಮಾಡ್ತೀವಿ. ಅವನ ಹತ್ರಾನೇ ಹೇಳು."

ಬರುತ್ತೇನೆ ಎಂದೆ. ನಮ್ಮ ಕಡೆ, ಮಿನೆಸೋಟಾದಲ್ಲಿ, ಸತ್ತವರ ಜೊತೆ ಯಾರೂ ಮಾತಾಡುವುದಿಲ್ಲ. ಬದುಕಿದ್ದವರ ಜೊತೆಯೇ ಆಡುವುದು ಕಡಿಮೆ. ಅಲ್ಲಿ ಹೇಗೆ ನಿಲ್ಲಬೇಕು, ಏನು ತರಬೇಕು ಎಂದು ಎರಡು ಸಾಲು ಬರೆದು ತಿಳಿಸು.

ಮಾರಿಟ್


ಗ್ಲೋಬ್
ನವೆಂಬರ್ 9, 2003

ಮಾರಿಟ್,

ಸುರಕ್ಷಿತವಾಗಿ ತಲುಪಿದೆ ಎಂದು ನೀನು ಫೋನಿನಲ್ಲಿ ಹೇಳಿದೆ. ಆದರೂ ಅವತ್ತಿನ ಬಗ್ಗೆ ಕೆಲವು ಮಾತು ಫೋನಿನಲ್ಲಿ ಆಡುವಂಥವಲ್ಲ.

ನೀನು ಅಪ್ಪನ ಗೋರಿಯ ಮುಂದೆ ಚೆಂಡುಹೂ ಹಿಡಿದು ನಿಂತು, "ಮಿಸ್ಟರ್ ಎಪಿಫಾನಿಯೊ ಬುಸ್ತಾಮಾಂತೆ ಅವರೇ," ಎಂದು ವಿಶ್ವವಿದ್ಯಾಲಯದ ಸಭೆಯಲ್ಲಿ ಮಾತಾಡುವ ಹಾಗೆ ಶುರುಮಾಡಿದಾಗ ಪಕ್ಕದ ಗೋರಿಯ ಎಸ್ಕಾಲಾಂತೆ ಮನೆಯವರೆಲ್ಲ ತಿನ್ನುವುದು ಬಿಟ್ಟು ತಿರುಗಿ ನೋಡಿದರು. ನೀನು ಗಮನಿಸಲಿಲ್ಲ. ಒಳ್ಳೆಯದೇ ಆಯಿತು. ಅಮ್ಮ ಸಾಲು ಸಾಲಾಗಿ ಸ್ಪ್ಯಾನಿಷ್‌ಗೆ ತಿರುಗಿಸಿ ಹೇಳುತ್ತಿದ್ದಳಲ್ಲ, ನೀನು ಹೇಳಿದ್ದಕ್ಕಿಂತ ಮೂರು ಪಟ್ಟು ಹೆಚ್ಚೇ ಹೇಳಿದಳು. ನಾನು ಮೂರು ಸಲ ಗಾಳಿಯಲ್ಲಿ ನಡೆದದ್ದು ಅವಳ ಬಾಯಲ್ಲಿ ಹನ್ನೆರಡು ಸಲ ಹಿಮದಲ್ಲಿ ನಡೆದದ್ದಾಗಿತ್ತು. ಈಗ ಇಡೀ ಬೀದಿಯ ಲೆಕ್ಕ ಹನ್ನೆರಡು.

ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಗೇಟಿನ ಹತ್ತಿರ ನೀನು ಕೇಳಲು ಹೊರಟು ಸುಮ್ಮನಾದದ್ದು ನನಗೆ ಗೊತ್ತಾಯಿತು. ಪೂರ್ತಿಯಾಗಿ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಪ್ಪತ್ತೆಂಟು ವರ್ಷ ದೊಡ್ಡದು. ಆದರೆ ನಿನ್ನ ಗಾಡಿ ತಿರುವಿನಲ್ಲಿ ಮರೆಯಾದಾಗ, ಇನ್ನೊಂದು ಗಂಟೆ ಇದ್ದು ಹೋಗಬಾರದಿತ್ತೇ ಎನಿಸಿತು. ಸದ್ಯಕ್ಕೆ ಇಷ್ಟು ಇಟ್ಟುಕೋ.

ನೀನು ಹೋದ ಮೇಲೆ ಅಮ್ಮ ಗೋರಿಯ ಹತ್ತಿರ ಮಡಿಸುವ ಕುರ್ಚಿಯಲ್ಲಿ ಕತ್ತಲಾಗುವವರೆಗೆ ಕೂತಿದ್ದಳು. ಅಪ್ಪನಿಗೆ ಏನೋ ಪಿಸುಗುಟ್ಟುತ್ತಿದ್ದಳು. ಮನೆಗೆ ಹೊರಟಾಗ ಗಾಡಿಯಲ್ಲಿ, ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ಹೇಳಿದಳು:

"ನಾಳೆ ಕೆಲಸಕ್ಕೆ ರಜಾ ಹಾಕು."

"ಯಾಕಮ್ಮ?"

"ಹಾಕು ಅಂದ್ರೆ ಹಾಕು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಲಗು."

ಮಾರಿಟ್, ನಾನು ಗಣಿಯ ಕೆಲಸಕ್ಕೆ ಸೇರಿದಂದಿನಿಂದ ಭಾನುವಾರವನ್ನೂ ಬಿಡದೆ ದಿನಾ ಐದಕ್ಕೆ ನನ್ನ ಬಾಗಿಲು ಬಡಿದು ಎಬ್ಬಿಸಿದವಳು ಅವಳು. ಸೋಮವಾರ ನನಗೆ ಎಚ್ಚರವಾದಾಗ ಹತ್ತೂವರೆ. ಪರದೆ ಎಳೆದಿತ್ತು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಅಮ್ಮನಿಗೆ ಏನಾದರೂ ಆಯಿತೇ ಎಂದು ಗಾಬರಿಯಿಂದ ಬರಿಗಾಲಿನಲ್ಲಿ ಅಡುಗೆಮನೆಗೆ ಓಡಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ತೊಳೆದ ಒಂದೊಂದು ಪಾತ್ರೆಯನ್ನೂ ಸದ್ದಾಗದ ಹಾಗೆ, ಮಡಚಿದ ಟವೆಲಿನ ಮೇಲೆ ಮೆಲ್ಲಗೆ ಇಡುತ್ತಿದ್ದಳು.

ಲಾಲಾ